ಶಿವಮೊಗ್ಗದಲ್ಲೇ ಇದ್ದು ಫ್ಯಾಮಿಲಿ ಥೆರಪಿ ಮಾಡಬಹುದಾ? ಓದು, ಪಾಠ, ಕೆಲಸದ ಬಗ್ಗೆ ತಿಳಿದವರು ಹೇಳಿ

ಹೊಸನಗರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಸೈಕಾಲಜಿ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕು, ಅದರಲ್ಲೂ ಕುಟುಂಬಗಳ ಜೊತೆ ಕೆಲಸ ಮಾಡಬೇಕು ಅಂತ ಆಸೆ. ಪಾಠ ಮಾಡುವುದೂ ಇಷ್ಟ. ಆದರೆ ಯಾರನ್ನು ಕೇಳಿದರೂ "ಬೆಂಗಳೂರಿಗೆ ಹೋಗು, ಇಲ್ಲಿ ಅದಕ್ಕೆಲ್ಲ ಯಾರು ಬರುತ್ತಾರೆ" ಅನ್ನುತ್ತಾರೆ. ಅಪ್ಪಯ್ಯನಿಗೆ ಸಣ್ಣ ಅಡಿಕೆ ತೋಟ ಇದೆ, ನಾನೊಬ್ಬಳೇ ಮಗಳು. ಊರಿನ ಹತ್ತಿರವೇ ಇರಬೇಕು ಅನ್ನಿಸುತ್ತದೆ. ಇಲ್ಲೇ ಇದ್ದು ಈ ಕೆಲಸ ಮಾಡಲು ಆಗುತ್ತದೆಯಾ? ಮನೆಯವರೆಲ್ಲ ಒಟ್ಟಿಗೆ ಬಂದು ಕೂರುತ್ತಾರಾ?

ತುಂಗಾ ದಡ:
ತಂಗಿ, ಬೆಂಗಳೂರಿಗೋ ಬೇರೆ ಊರಿಗೋ ಓದಲಿಕ್ಕೆ ಹೋಗಬೇಕಾಗಬಹುದು. ಓದಿ ವಾಪಸ್ ಬಾ. ನಾನು ಹಾಗೆ ಬಂದವಳು. ಶಿವಮೊಗ್ಗದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೇನೆ. ಬೆಳಿಗ್ಗೆ ಪಾಠ, ಮಧ್ಯಾಹ್ನದ ಮೇಲೆ ಕುಟುಂಬಗಳು. ಇಲ್ಲಿ ಈ ಕೆಲಸ ಖಂಡಿತ ನಡೆಯುತ್ತದೆ. ಆದರೆ ಪಾಠ, ಥೆರಪಿ ಎರಡನ್ನೂ ಹಿಡಿದುಕೊಂಡಿರಬೇಕು. ಪಾಠ ಬಿಟ್ಟು ಬರೀ ಥೆರಪಿಗೆ ಅಂತ ಕೂತರೆ ನಮ್ಮ ಕಡೆ ಕುಟುಂಬಗಳು ಬರುವುದಿಲ್ಲ. ಯಾಕೆ ಅಂತ ಮುಂದೆ ಬರೆಯುತ್ತೇನೆ.

ಮೊದಲು ಓದಿನ ವಿಷಯ. ಇದರಲ್ಲಿ ಮಕ್ಕಳು ದುಡ್ಡೂ ವರ್ಷವೂ ಕಳೆದುಕೊಳ್ಳುವುದನ್ನು ನೋಡಿ ಬೇಜಾರಾಗುತ್ತದೆ. ಎಂ.ಎಸ್ಸಿ. ಮುಗಿದ ಕೂಡಲೇ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕುವ ಹಾಗಿಲ್ಲ. ಯಾರನ್ನು ಹಾಗೆ ಕರೆಯಬಹುದು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಬರೆದಿದೆ. ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಎಲ್ಲರೂ ಆರ್‌ಸಿಐ ಅನ್ನುತ್ತಾರಲ್ಲ, ಅದು ಒಪ್ಪಿದ ಕೋರ್ಸ್ ಆಗಿರಬೇಕು. ಇಷ್ಟು ವರ್ಷ ಆ ದಾರಿ ಎಂ.ಫಿಲ್. ಆಗಿತ್ತು. ಎರಡು ವರ್ಷ ಪೂರ್ತಿ ಆಸ್ಪತ್ರೆಯಲ್ಲೇ ಇದ್ದು, ಹಿರಿಯರ ಕಣ್ಣೆದುರು ರೋಗಿಗಳ ಜೊತೆ ಕೆಲಸ. ಹೊಸ ಶಿಕ್ಷಣ ನೀತಿ ಬಂದ ಮೇಲೆ ಯುಜಿಸಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕೆ ಮಾತ್ರ 2025-26ರ ಸಾಲಿನವರೆಗೆ ವಿನಾಯಿತಿ ಕೊಟ್ಟಿತು. ಈಗ ಎಂ.ಎ. ಕ್ಲಿನಿಕಲ್ ಸೈಕಾಲಜಿ, ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಅಂತ ಹೊಸ ಕೋರ್ಸ್‌ಗಳು ಬಂದಿವೆ. ಆದ್ದರಿಂದ ಫೀಸ್ ಕಟ್ಟುವ ಮೊದಲು ಆ ಕಾಲೇಜು, ಆ ಕೋರ್ಸ್, ಆ ವರ್ಷ ಮೂರೂ ಆರ್‌ಸಿಐ ಪಟ್ಟಿಯಲ್ಲಿ ಇದೆಯಾ ಅಂತ ನೀನೇ ನೋಡು. ಕಾಲೇಜಿನವರ ಬಾಯಿಮಾತು ನಂಬಬೇಡ. ಕೋರ್ಸ್ ಮುಗಿದ ಮೇಲೆ ಆರ್‌ಸಿಐ ನೋಂದಣಿ ಆಗಬೇಕು, ಆ ನಂಬರ್ ಇಲ್ಲದೆ ಪ್ರಾಕ್ಟೀಸ್ ಶುರು ಮಾಡಬೇಡ.

ಫ್ಯಾಮಿಲಿ ಥೆರಪಿಗೆ ಅಂತ ನಮ್ಮಲ್ಲಿ ಬೇರೆ ಲೈಸೆನ್ಸ್ ಇಲ್ಲ. ಈ ಕ್ಲಿನಿಕಲ್ ತರಬೇತಿಯ ಒಳಗೇ ಅದನ್ನು ಕಲಿಯಬೇಕು. ಎಲ್ಲ ಕಡೆ ಚೆನ್ನಾಗಿ ಕಲಿಸುವುದಿಲ್ಲ. ಅಲ್ಲಿ ಓದಿದವರನ್ನು ಕೇಳು: "ಕುಟುಂಬದ ಸೆಷನ್‌ನಲ್ಲಿ ಮೇಷ್ಟ್ರು ನಿಮ್ಮ ಜೊತೆ ಕೂರುತ್ತಿದ್ದರಾ?" ಹೌದು ಅಂದರೆ ಸೇರಿಕೋ.

ಸಾಗರ ತೋಟದವರು:
ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆ ಮನೆ ವಿಷಯ ಜಗಲಿ ದಾಟುವುದಿಲ್ಲ. ಯಾರಿಗಾದರೂ ತಲೆ ಸರಿ ಇಲ್ಲ ಅನ್ನಿಸಿದರೆ ಮೊದಲು ಸಿಗಂದೂರು ದೇವಸ್ಥಾನ, ಆಮೇಲೆ ಭೂತಕ್ಕೆ, ಚೌಡಿಗೆ ಹರಕೆ. ಅದೂ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಅಲ್ಲಿ ಮಾತ್ರೆ ಕೊಟ್ಟರೆ ಸಾಕು ಅಂತ ಬರುತ್ತೇವೆ. ಗಂಡ, ಹೆಂಡತಿ, ಅತ್ತೆ, ಮೈದುನ ಎಲ್ಲ ಒಂದು ರೂಮಲ್ಲಿ ಕೂತು ಹೊರಗಿನವರ ಎದುರು ಮಾತಾಡುವುದು ಫಾರಿನ್ ಪದ್ಧತಿ ಅಲ್ವಾ?

ತುಂಗಾ ದಡ:
ಬೇಜಾರು ಯಾಕೆ ಅಣ್ಣ, ಇದನ್ನು ಎಲ್ಲರೂ ಕೇಳಬೇಕು.

ಫಾರಿನ್ ಪದ್ಧತಿ ಅನ್ನುವುದಕ್ಕೆ ಮೊದಲು ಅಮೃತಸರದ ವಿಷಯ ಕೇಳಿ. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂತ ಇದ್ದರು. ಆಸ್ಪತ್ರೆಯಲ್ಲಿ ಜಾಗ ಇರಲಿಲ್ಲ. ರೋಗಿಗಳ ಮನೆಯವರಿಗೆ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರು. ಮನೆಯವರೇ ಅಡುಗೆ ಮಾಡಿದರು, ರೋಗಿಯನ್ನು ನೋಡಿಕೊಂಡರು. ಸಂಜೆ ಡಾಕ್ಟರು ಅವರನ್ನೆಲ್ಲ ಕೂರಿಸಿಕೊಂಡು ಕಾಯಿಲೆ ಅಂದರೇನು, ಮನೆಗೆ ಹೋದ ಮೇಲೆ ಹೇಗೆ ಇರಬೇಕು ಅಂತ ಮಾತಾಡುತ್ತಿದ್ದರು. ಜನ ಬೇಗ ಗುಣವಾಗಿ ಮನೆಗೆ ಹೋದರು. ಪಶ್ಚಿಮದ ದೇಶಗಳಲ್ಲಿ ರೋಗಿಯನ್ನು ಮನೆಯವರಿಂದ ದೂರ ಇಡುತ್ತಿದ್ದ ಕಾಲ ಅದು. ಆಮೇಲೆ ವೆಲ್ಲೂರಿನಲ್ಲಿ, ನಿಮ್ಹಾನ್ಸ್‌ನಲ್ಲಿ ಇದೇ ದಾರಿ ಬೆಳೆಯಿತು. ನಿಮ್ಹಾನ್ಸ್‌ನಲ್ಲಿ ಮನೆಯವರೆಲ್ಲ ಬಂದು ಉಳಿಯುವ ಕುಟುಂಬ ಮನೋವೈದ್ಯ ವಿಭಾಗ 1970ರ ದಶಕದಿಂದ ಇದೆ. ಮನೆಯವರನ್ನು ಜೊತೆಗಿಟ್ಟುಕೊಂಡು ಗುಣ ಮಾಡುವುದು ನಮ್ಮದೇ ಪದ್ಧತಿ ಅಣ್ಣ. ಕುರ್ಚಿ ಹೇಗೆ ಹಾಕಬೇಕು, ಪ್ರಶ್ನೆ ಹೇಗೆ ಕೇಳಬೇಕು ಅನ್ನುವುದರಲ್ಲಿ ಮಾತ್ರ ಹೊರಗಿನವರಿಂದ ಬಹಳ ಕಲಿತಿದ್ದೇವೆ.

ಹರಕೆಯ ವಿಷಯ. ನಾನು ಯಾರಿಗೂ ಹರಕೆ ಬಿಡಿ ಅನ್ನುವುದಿಲ್ಲ. ಮಾತ್ರೆ ನಿಲ್ಲಿಸಬೇಡಿ ಅಂತ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹರಕೆಯ ಬಗ್ಗೆ ಕೇಳುತ್ತೇನೆ: ಹೋಗೋಣ ಅಂತ ಮೊದಲು ಹೇಳಿದ್ದು ಯಾರು? ಬೇಡ ಅಂದಿದ್ದು ಯಾರು? ಖರ್ಚು ಯಾರದ್ದು? ಎಲ್ಲರೂ ಹೋದಾಗ ಮನೆಯಲ್ಲಿ ಉಳಿದದ್ದು ಯಾರು? ಇಷ್ಟು ಕೇಳುವ ಹೊತ್ತಿಗೆ ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾರ ಮಾತು ಯಾರೂ ಕೇಳುವುದಿಲ್ಲ ಅಂತ ತಿಳಿಯುತ್ತದೆ. ಇಟಲಿಯ ಮಿಲಾನ್‌ನಲ್ಲಿ ಒಂದು ತಂಡ ಇಂಥ ಪ್ರಶ್ನೆಗಳನ್ನು ಬೆಳೆಸಿತು. ಒಬ್ಬರ ಬಗ್ಗೆ ಇನ್ನೊಬ್ಬರನ್ನು ಕೇಳುವುದು. "ಮಗ ಊಟ ಬಿಟ್ಟಾಗ ಜಾಸ್ತಿ ಗಾಬರಿ ಆಗುವುದು ಅಮ್ಮನಿಗಾ, ಅಜ್ಜಿಗಾ?" ಅಂತ ಅಪ್ಪನನ್ನು ಕೇಳಿದರೆ, ಮೂವರೂ ಮೊದಲ ಸಲ ಒಬ್ಬರನ್ನೊಬ್ಬರು ನೋಡುತ್ತಾರೆ.

ಹಳ್ಳಿಶಾಲೆ ಮೇಷ್ಟ್ರು:
ನಾನು ತೀರ್ಥಹಳ್ಳಿ ತಾಲ್ಲೂಕಿನ ಹೈಸ್ಕೂಲ್ ಮೇಷ್ಟ್ರು. ಚೆನ್ನಾಗಿ ಓದುವ ಹುಡುಗಿ ಇದ್ದಕ್ಕಿದ್ದ ಹಾಗೆ ಶಾಲೆಗೆ ಬರುವುದಿಲ್ಲ. ಹೊಟ್ಟೆನೋವು ಅನ್ನುತ್ತಾಳೆ. ಸ್ಕ್ಯಾನ್ ಮಾಡಿಸಿದರೆ ಏನೂ ಇಲ್ಲ. ಮನೆಗೆ ಹೋದರೆ ತಂದೆ ತಾಯಿ ಎದುರಿಗೇ ಇರುತ್ತಾರೆ, ಆದರೆ ಇಬ್ಬರೂ ಮಗಳ ಮೂಲಕವೇ ಮಾತಾಡುತ್ತಾರೆ. "ನಿನ್ನಪ್ಪನಿಗೆ ಹೇಳು", "ನಿನ್ನಮ್ಮನಿಗೆ ಹೇಳು". ನಾನು ಹುಡುಗಿಗೆ ಬುದ್ಧಿ ಹೇಳಬೇಕಾ, ಸುಮ್ನೆ ಇರಬೇಕಾ?

ತುಂಗಾ ದಡ:
ಮೇಷ್ಟ್ರೇ, ನೀವು ನೋಡಿದ್ದು ಬಹಳ ದೊಡ್ಡದು. ಮರ್ರೆ ಬೋವೆನ್ ಅನ್ನುವ ಅಮೆರಿಕದ ಮನೋವೈದ್ಯರು ಇದನ್ನು ತ್ರಿಕೋನ ಅಂದರು. ಇಬ್ಬರ ನಡುವೆ ಬಿಗಿ ಜಾಸ್ತಿ ಆದಾಗ ಮೂರನೆಯವರನ್ನು ಒಳಗೆ ಎಳೆದುಕೊಳ್ಳುತ್ತಾರೆ. ಆಗ ಇಬ್ಬರಿಗೂ ಸ್ವಲ್ಪ ಹಗುರ. ಭಾರ ಮಗುವಿನ ಮೇಲೆ. ಆ ಹುಡುಗಿಗೆ ನೋವು ನಿಜವಾಗಿಯೂ ಇರುತ್ತದೆ, ನಾಟಕ ಅಲ್ಲ. ತಾನು ಶಾಲೆಗೆ ಹೋದರೆ ಮನೆಯಲ್ಲಿ ಏನಾಗುತ್ತದೋ ಅನ್ನುವ ಭಯವೂ ಅದರಲ್ಲಿ ಇರಬಹುದು. ಬುದ್ಧಿ ಹೇಳಿದರೆ ಅವಳಿಗೆ ಇನ್ನೊಂದು ಭಾರ. ತಂದೆ ತಾಯಿ ಇಬ್ಬರನ್ನೂ ಒಟ್ಟಿಗೆ ಶಾಲೆಗೆ ಕರೆಯಿರಿ. ಇಬ್ಬರಿಗೂ ಒಂದೇ ಮಾತು ಹೇಳಿ: "ಮಗಳು ಬೆಳಿಗ್ಗೆ ಬಸ್ ಹತ್ತಬೇಕು, ಅದಕ್ಕೆ ನೀವಿಬ್ಬರೂ ಸೇರಿ ಏನು ಮಾಡುತ್ತೀರಿ?" ಮಗಳ ಎದುರು ಅವರಿಬ್ಬರೇ ಮಾತಾಡಿ ಒಂದು ತೀರ್ಮಾನಕ್ಕೆ ಬಂದರೆ ಅರ್ಧ ಕೆಲಸ ಆಯಿತು. ಆಗದಿದ್ದರೆ ಶಿವಮೊಗ್ಗಕ್ಕೆ ಕಳಿಸಿ. ಯಾರಾದರೂ ಅವಳ ಮೇಲೆ ಕೈ ಮಾಡುತ್ತಿದ್ದಾರೆ, ಅಥವಾ ಬೇರೆ ರೀತಿ ತೊಂದರೆ ಕೊಡುತ್ತಿದ್ದಾರೆ ಅನ್ನಿಸಿದರೆ ತಂದೆ ತಾಯಿಗೂ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಹೊಸನಗರದ ತಂಗಿಗೆ ಈಗ ಹೇಳುತ್ತೇನೆ, ಪಾಠ ಬಿಡಬಾರದು ಅಂದದ್ದು ಇದಕ್ಕೇ. ಈ ಹುಡುಗಿಯ ಮನೆಯವರು ನನ್ನ ಬೋರ್ಡ್ ನೋಡಿ ಬರುವುದಿಲ್ಲ. ಮೇಷ್ಟ್ರು ಹೇಳಿದರೆ ಬರುತ್ತಾರೆ. ಇನ್ನೊಂದು ಮನೆಯವರು ಆಶಾ ಕಾರ್ಯಕರ್ತೆ ಹೇಳಿದರೆ ಬರುತ್ತಾರೆ, ಮತ್ತೊಬ್ಬರು ನರ್ಸ್ ಹೇಳಿದರೆ. ಹಾಗಾಗಿ ನಾನು ಸೈಕಾಲಜಿ ಮಕ್ಕಳಿಗೆ ಪಾಠ ಮಾಡುವಷ್ಟೇ ಮನಸ್ಸಿಟ್ಟು ನರ್ಸಿಂಗ್ ಮಕ್ಕಳಿಗೆ, ಬಿ.ಎಡ್. ಮಕ್ಕಳಿಗೆ ಪಾಠ ಮಾಡುತ್ತೇನೆ. ಅವರು ಕೆಲಸಕ್ಕೆ ಸೇರಿ ಹೊಸನಗರ, ಸೊರಬ, ಕೊಪ್ಪ, ಶೃಂಗೇರಿ ಅಂತ ಹರಡಿಕೊಳ್ಳುತ್ತಾರೆ. ಕೆಲವು ವರ್ಷ ಕಳೆದು ಅವರು ಕಳಿಸಿದ ಮನೆಗಳು ಬರುತ್ತವೆ. ಜಿಲ್ಲೆಯಲ್ಲಿ ಈ ಕೆಲಸ ಬೆಳೆಯುವುದು ಹೀಗೇ. ತಾಳ್ಮೆ ಬೇಕು.

ಈ ನಾಡಿನಲ್ಲಿ ಇದು ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಸೈಕಾಲಜಿ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೋ ಶುರು ಮಾಡಿದರು, ಆಕಾಶವಾಣಿ ಅನ್ನುವ ಹೆಸರು ಅಲ್ಲಿಂದ ಬಂತು. ಸೈಕಾಲಜಿ ಮೇಷ್ಟ್ರಾದವರು ತರಗತಿಯಿಂದ ಹೊರಗೆ ಜನರ ಹತ್ತಿರ ಹೋಗಬೇಕು ಅಂತ ಅವರಿಗೆ ಆಗಲೇ ಗೊತ್ತಿತ್ತು. ನಮ್ಮ ಶಿವಮೊಗ್ಗದಲ್ಲಿ ಮನೋವೈದ್ಯ ಡಾ. ಅಶೋಕ್ ಪೈ ಅವರು ಪತ್ರಿಕೆಯಲ್ಲಿ ಬರೆದು, ಸಿನಿಮಾ ಮಾಡಿಸಿ, ಊರೂರು ತಿರುಗಿ ಮಾತಾಡಿದರು. 2016ರಲ್ಲಿ ತೀರಿಕೊಂಡರು. ಇವತ್ತು ಶಿವಮೊಗ್ಗದ ಜನ ಮನೋವೈದ್ಯರ ಹೆಸರನ್ನು ಹೆದರದೆ ಹೇಳುತ್ತಾರೆ ಅಂದರೆ ಅದರಲ್ಲಿ ಅವರ ಪಾಲು ದೊಡ್ಡದು. ನಾವು ಅವರು ಹದ ಮಾಡಿಟ್ಟ ನೆಲದಲ್ಲಿ ಬಿತ್ತುತ್ತಿದ್ದೇವೆ.

ಭದ್ರಾವತಿ ಅಕ್ಕ:
ಎಲ್ಲ ಸರಿ. ಆದರೆ ನನಗೆ ಈ ಫ್ಯಾಮಿಲಿ ಕೌನ್ಸೆಲಿಂಗ್ ಅಂದರೆ ಸಿಟ್ಟು ಬರುತ್ತದೆ. ನನ್ನ ಗಂಡ ಹೊಡೆಯುತ್ತಿದ್ದ. ಒಂದು ಕಡೆ ಕೌನ್ಸೆಲಿಂಗ್‌ಗೆ ಕಳಿಸಿದರು. ಅವನನ್ನು ಪಕ್ಕದಲ್ಲೇ ಕೂರಿಸಿ "ಏನಾಯಿತು ಹೇಳಮ್ಮ" ಅಂದರು. ನಾನು ಹೇಳಿದೆ. ಮನೆಗೆ ಬಂದ ಮೇಲೆ ಅದಕ್ಕೂ ಸೇರಿಸಿ ಹೊಡೆದ. ಕೊನೆಗೆ "ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಿ" ಅಂತ ಬರೆದು ಕಳಿಸಿದರು. ಕುಟುಂಬ ಉಳಿಸುವುದು ಅಂದರೆ ಹೆಂಗಸು ಸಹಿಸುವುದು ಅಂತ ಅಲ್ವಾ ಅರ್ಥ?

ತುಂಗಾ ದಡ:
ಅಕ್ಕ, ನಿಮಗೆ ಆದದ್ದು ಅನ್ಯಾಯ. ಅದು ಥೆರಪಿ ಅಲ್ಲ. ಈ ಚರ್ಚೆ ಓದುತ್ತಿರುವ ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ, ನಾನು ತರಗತಿಯಲ್ಲಿ ಎಲ್ಲಕ್ಕಿಂತ ಮೊದಲು ಹೇಳುವುದು ಇದೇ.

ಗಂಡ ಹೆಂಡತಿ ಬಂದರೆ ಮೊದಲು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಬೇಕು. ಎಲ್ಲರಿಗೂ ಇದೇ ನಿಯಮ ಅಂತ ಮೊದಲೇ ಹೇಳಿಬಿಟ್ಟರೆ ಯಾರಿಗೂ ಅನುಮಾನ ಬರುವುದಿಲ್ಲ. ಒಬ್ಬರೇ ಇದ್ದಾಗ ನೇರವಾಗಿ ಕೇಳಬೇಕು: ಹೊಡೆಯುತ್ತಾರಾ? ಮನೆಗೆ ಹೋಗಲು ಭಯ ಇದೆಯಾ? ಇಲ್ಲಿ ಹೇಳಿದ್ದಕ್ಕೆ ಅಲ್ಲಿ ತೊಂದರೆ ಆಗುತ್ತದಾ? ಆಗುತ್ತದೆ ಅಂದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಬಾರದು. ಹೆದರಿಕೊಂಡವರು ಹೆದರಿಸಿದವರ ಪಕ್ಕ ಕೂತು ನಿಜ ಹೇಳಲು ಆಗುವುದಿಲ್ಲ, ಹೇಳಿದರೆ ಅಪಾಯ. ಆಗ ಮೊದಲ ಕೆಲಸ ಅವರ ಸುರಕ್ಷತೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಸಂರಕ್ಷಣಾಧಿಕಾರಿ ಇರುತ್ತಾರೆ. ಮಹಿಳಾ ಸಹಾಯವಾಣಿ 181 ಇದೆ. ನೊಂದ ಹೆಂಗಸರಿಗೆ ನೆರವು ಕೊಡುವ ಸಖಿ ಕೇಂದ್ರ, ಸಾಂತ್ವನ ಕೇಂದ್ರ ಇವೆ. ಇವುಗಳ ದಾರಿ ತೋರಿಸುವುದು ಥೆರಪಿಸ್ಟ್ ಕೆಲಸದ ಒಳಗೇ ಬರುತ್ತದೆ.

ಊರಿನ ಹಿರಿಯರು ಪಂಚಾಯಿತಿ ಮಾಡಿ ರಾಜಿ ಮಾಡಿಸುತ್ತಾರೆ. ಕೋರ್ಟಿನಲ್ಲೂ ರಾಜಿಗೆ ಅಂತ ಕಳಿಸುತ್ತಾರೆ. ಅಲ್ಲಿ ಎಷ್ಟೋ ಸಲ ಮನೆ ಒಡೆಯಬಾರದು ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತದೆ. ಥೆರಪಿಯಲ್ಲಿ ಹಾಗೆ ತೀರ್ಮಾನ ಮಾಡುವ ಹಕ್ಕು ನನಗಿಲ್ಲ. ಒಟ್ಟಿಗೆ ಇರುತ್ತಾರೋ ಬೇರೆ ಆಗುತ್ತಾರೋ ಅದು ಅವರದ್ದು. ಬೇರೆ ಆದರೂ ಮಕ್ಕಳಿಗೆ ತಂದೆ ತಾಯಿ ಆಗಿ ಹೇಗೆ ಇರಬೇಕು ಅಂತ ಕೂತು ಮಾತಾಡಿದ ಮನೆಗಳು ಎಷ್ಟೋ ಇವೆ, ಅದೂ ಫ್ಯಾಮಿಲಿ ಥೆರಪಿಯೇ.

ಹೊಡೆತ ಇಲ್ಲದ ಮನೆಯಲ್ಲೂ ಹೆಂಗಸರ ವಿಷಯ ನೋಡಲೇಬೇಕು. ನಮ್ಮ ಕಡೆ ಕುಟುಂಬ ಬಂದಾಗ ಸೋದರಮಾವನೋ ದೊಡ್ಡಪ್ಪನೋ ಮುಂದೆ ಕೂತು ಎಲ್ಲರ ಪರವಾಗಿ ಮಾತಾಡುತ್ತಾರೆ. ಸೊಸೆ ಬಾಗಿಲ ಹತ್ತಿರ ನಿಂತಿರುತ್ತಾಳೆ. ಫ್ಯಾಮಿಲಿ ಥೆರಪಿಯ ಹಿರಿಯರಾದ ಸಾಲ್ವಡಾರ್ ಮಿನುಚಿನ್ ಅನ್ನುವವರು ಇದನ್ನೇ ಕಲಿಸಿದ್ದು, ಯಾರು ಎಲ್ಲಿ ಕೂತಿದ್ದಾರೆ ಅಂತ ನೋಡಿ, ಜಾಗ ಬದಲಿಸಿ. ನಾನು ಮೊದಲು ಅವಳಿಗೆ ಕುರ್ಚಿ ಹಾಕಿಸುತ್ತೇನೆ. ಎಲ್ಲರದ್ದೂ ಒಂದೇ ಎತ್ತರದ ಕುರ್ಚಿ. ಹಿರಿಯರಿಗೆ ಮೊದಲು ಮಾತಾಡಲು ಬಿಟ್ಟು, ಅವರ ಅನುಮತಿ ಕೇಳಿಯೇ ಅವಳ ಹತ್ತಿರ ಹೋಗುತ್ತೇನೆ. ಮರ್ಯಾದೆ ಬಿಟ್ಟು ಈ ಕೆಲಸ ಆಗುವುದಿಲ್ಲ. ಆದರೆ ಅವಳ ಮಾತು ಬಾರದೆ ಆ ಸೆಷನ್ ಮುಗಿಸುವುದಿಲ್ಲ.

ಭದ್ರಾವತಿ ಅಕ್ಕ:
ಹೀಗೆ ಮೊದಲೇ ಯಾರಾದರೂ ಬೇರೆ ಕೂರಿಸಿ ಕೇಳಿದ್ದರೆ ನನ್ನ ಎಷ್ಟೋ ವರ್ಷ ಉಳಿಯುತ್ತಿತ್ತು. ಆ ಹುಡುಗಿ ಇದನ್ನು ಕಲಿಯಲಿ. ಕಲಿತು ಇಲ್ಲೇ ಬರಲಿ.

ತೀರ್ಥಹಳ್ಳಿ ಟು ಬೆಂಗಳೂರು:
ನನ್ನ ತಮ್ಮನಿಗೆ ಸ್ಕಿಜೋಫ್ರೀನಿಯಾ. ಅಮ್ಮ ಊರಲ್ಲಿ ನೋಡಿಕೊಳ್ಳುತ್ತಾರೆ. ಮೊದಲು ಪ್ರತಿ ಸಲ ಫೋನ್ ಮಾಡಿದಾಗ ನಾನು ಅವನಿಗೆ ಬೈಯುತ್ತಿದ್ದೆ, "ಇಷ್ಟು ಹೊತ್ತು ಮಲಗ್ತೀಯಾ, ತೋಟಕ್ಕೆ ಹೋಗು" ಅಂತ. ಅಮ್ಮ ಬಾಯಿಗೆ ತುತ್ತು ಇಡುವುದೊಂದು ಬಾಕಿ, ಅಷ್ಟು ಹಿಂದೆ ಹಿಂದೆ ಇರುತ್ತಿದ್ದರು. ಮನೆಯವರಿಗೆಲ್ಲ ಒಟ್ಟಿಗೆ ಹೇಳಿಕೊಟ್ಟ ಮೇಲೆ ನಾವಿಬ್ಬರೂ ಬದಲಾದೆವು. ಮಾತ್ರೆ ತಪ್ಪಿಸಿಲ್ಲ. ಈಗ ಅವನು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುತ್ತಾನೆ. ಇದು ಕಾಕತಾಳೀಯವಾ, ನಿಜವಾಗಿ ನಮ್ಮ ಮಾತಿಗೂ ಅವನ ಕಾಯಿಲೆಗೂ ಸಂಬಂಧ ಇದೆಯಾ?

ತುಂಗಾ ದಡ:
ಸಂಬಂಧ ಇದೆ, ಆದರೆ ಕಾಯಿಲೆ ಬಂದದ್ದು ನಿಮ್ಮ ಮಾತಿನಿಂದ ಅಲ್ಲ. ಇದನ್ನು ಅಮ್ಮನಿಗೂ ಹೇಳಿ, ಎಷ್ಟೋ ತಾಯಂದಿರು ಒಳಗೇ ಕೊರಗುತ್ತಾರೆ. ಲಂಡನ್‌ನಲ್ಲಿ ಜಾರ್ಜ್ ಬ್ರೌನ್ ಮತ್ತು ಅವರ ಜೊತೆಯವರು ನೋಡಿದ್ದು ಇದು: ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಬೈಗುಳ, ಸಿಟ್ಟು, ಅತಿಯಾದ ಕಾಳಜಿ ಇರುವ ಮನೆಗಳಲ್ಲಿ ಕಾಯಿಲೆ ಮತ್ತೆ ಜೋರಾಗುವುದು ಜಾಸ್ತಿ. ಅತಿ ಕಾಳಜಿಯೂ ಆ ಪಟ್ಟಿಯಲ್ಲಿ ಇದೆ ನೋಡಿ. ಅದೇ ಕೆಲಸವನ್ನು ಚಂಡೀಗಢದಲ್ಲಿ ಮಾಡಿದಾಗ ನಮ್ಮ ಮನೆಗಳಲ್ಲಿ ಇಂಥ ಒತ್ತಡ ಲಂಡನ್‌ಗಿಂತ ಕಡಿಮೆ ಕಂಡಿತು. ನಮ್ಮ ಕುಟುಂಬಗಳಲ್ಲಿ ಸಹನೆ ಇದೆ. ಅದನ್ನು ಕೆಲಸಕ್ಕೆ ತರಬೇಕು ಅಷ್ಟೇ. ತಮ್ಮ ಡೈರಿಗೆ ಹೋಗುತ್ತಿರುವುದು ಓದಿ ತುಂಬಾ ಸಂತೋಷ ಆಯಿತು. ಮಾತ್ರೆ ಡಾಕ್ಟರನ್ನು ಕೇಳದೆ ಬಿಡಬೇಡಿ.

ನೀವು ಬೆಂಗಳೂರಿನಿಂದ ವಿಡಿಯೋ ಕಾಲ್‌ನಲ್ಲಿ ಸೆಷನ್‌ಗೆ ಸೇರಬಹುದು. ಕಾರಿನಲ್ಲಿ, ಆಫೀಸ್ ಕ್ಯಾಂಟೀನ್‌ನಲ್ಲಿ ಕೂತು ಬೇಡ. ಬಾಗಿಲು ಹಾಕಿದ ರೂಮಿನಲ್ಲಿ ಕೂತುಕೊಳ್ಳಿ.

ಹೊಸನಗರದ ಹುಡುಗಿ:
ಮೇಡಂ, ಇದೆಲ್ಲ ಓದಿ ಧೈರ್ಯ ಬಂತು. ಎರಡು ಪ್ರಶ್ನೆ. ಸಂಬಳ, ಕೆಲಸ ಎಲ್ಲಿ ಸಿಗುತ್ತದೆ? ಮತ್ತೆ ಫ್ಯಾಮಿಲಿ ಥೆರಪಿಯನ್ನು ನೀವು ಹೇಗೆ ಕಲಿಸುತ್ತೀರಿ?

ತುಂಗಾ ದಡ:
ಕೆಲಸ: ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಖಾಸಗಿ ಆಸ್ಪತ್ರೆ, ಕಾಲೇಜು. ಜಿಲ್ಲಾ ಕಾರ್ಯಕ್ರಮದ ಹುದ್ದೆಗಳು ಹೆಚ್ಚಾಗಿ ಗುತ್ತಿಗೆಯ ಮೇಲೆ. ಸಂಬಳ ಬೆಂಗಳೂರಿಗಿಂತ ಕಡಿಮೆ. ಅದನ್ನು ಮುಚ್ಚಿಡುವುದಿಲ್ಲ.

ಕಲಿಸುವುದರ ಬಗ್ಗೆ ಎಷ್ಟು ಬರೆದರೂ ಸಾಲದು. ಮೊದಲು ಪ್ರತಿಯೊಬ್ಬರೂ ತಮ್ಮ ಮನೆಯ ಜೀನೋಗ್ರಾಂ, ಅಂದರೆ ವಂಶವೃಕ್ಷದಂಥ ಚಿತ್ರ, ಬರೆಯಬೇಕು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮೂರು ತಲೆಮಾರು. ಪುಸ್ತಕದಲ್ಲಿ ಹುಟ್ಟು, ಮದುವೆ, ಸಾವು, ಕಾಯಿಲೆ ಹಾಕಿ ಅಂತ ಇರುತ್ತದೆ. ನಾನು ಇನ್ನೂ ಕೆಲವು ಸೇರಿಸುತ್ತೇನೆ. ಹಿಸ್ಸೆ, ಅಂದರೆ ಆಸ್ತಿ ಪಾಲು, ಯಾವಾಗ ಆಯಿತು? ಯಾರಿಗೆ ನೀರಿರುವ ತೋಟ ಬಂತು, ಯಾರಿಗೆ ಬರೀ ಹುಲ್ಲು ಬೆಳೆಯುವ ಬ್ಯಾಣ? ಅಡಿಕೆ ಮಾರುವ ಸಹಕಾರ ಸಂಘ ಮ್ಯಾಮ್ಕೋಸ್‌ನ ಖಾತೆ ಯಾರ ಹೆಸರಲ್ಲಿ ಇದೆ? ಶರಾವತಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರಿನಿಂದ ಬಂದವರಾ? ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ಸಾಲ ಎಷ್ಟಾಯಿತು? ಮದುವೆ ಆಗದ ಮಗ ಇದ್ದಾನಾ, ಆ ವಿಷಯ ಬಂದಾಗ ಮನೆಯಲ್ಲಿ ಯಾರು ಎದ್ದು ಹೋಗುತ್ತಾರೆ? ಮಲೆನಾಡಿನ ಮನೆಯ ಜಗಳದ ಬೇರು ಇಂಥಲ್ಲಿ ಇರುತ್ತದೆ. ಇದು ಗೊತ್ತಿರುವುದೇ ನಿನ್ನ ಬಲ ತಂಗಿ. ಬೆಂಗಳೂರಿನ ಥೆರಪಿಸ್ಟ್‌ಗೆ ಹಿಸ್ಸೆ ಅಂದರೆ ವಿವರಿಸಬೇಕು, ನಿನಗೆ ಬೇಡ.

ಆಮೇಲೆ ವಿದ್ಯಾರ್ಥಿಗಳೇ ಒಂದು ಕುಟುಂಬ ಆಗಿ ಕೂರುತ್ತಾರೆ, ಒಬ್ಬರು ಥೆರಪಿಸ್ಟ್. ಅತ್ತೆ ಆದವಳು ನಿಜವಾಗಿ ಅತ್ತುಬಿಟ್ಟಾಗ ತರಗತಿಗೆ ಅರ್ಥ ಆಗುತ್ತದೆ, ಆ ಮನೆಯಲ್ಲಿ ಕೆಟ್ಟವರು ಅಂತ ಯಾರೂ ಇಲ್ಲ ಅಂತ. ನಂತರ ನಿಜವಾದ ಕುಟುಂಬ. ವಿದ್ಯಾರ್ಥಿ ಮಾತಾಡುತ್ತಾರೆ, ನಾನು ಪಕ್ಕದಲ್ಲಿ ಇರುತ್ತೇನೆ. ಕುಟುಂಬದವರು ಒಪ್ಪಿ ಸಹಿ ಹಾಕಿದರೆ ಮಾತ್ರ ರೆಕಾರ್ಡ್ ಮಾಡುತ್ತೇವೆ. ವಿದ್ಯಾರ್ಥಿಗಳಿಗೆ ಕಷ್ಟ ಆಗುವುದು ಸುಮ್ಮನೆ ಇರುವುದು. ಯಾರಾದರೂ ಅತ್ತ ಕೂಡಲೇ ಸಮಾಧಾನ ಹೇಳಲು ಹೋಗುತ್ತಾರೆ. ಸ್ವಲ್ಪ ತಡೆದರೆ ಮಗನೇ ಎದ್ದು ತಾಯಿಗೆ ನೀರು ಕೊಡುತ್ತಾನೆ. ಆ ಮನೆಯಲ್ಲಿ ಎಷ್ಟು ಕಾಲದಿಂದ ಆಗದ ಕೆಲಸ ಅದು.

ಇನ್ನೊಂದು, ಸಮಯದ ವಿಷಯ. ಅಡಿಕೆಯ ಕೊನೆಕೊಯ್ಲು ಶುರುವಾದರೆ ತೋಟದವರು ಬರುವುದಿಲ್ಲ. ಮಳೆಗಾಲದಲ್ಲಿ ರಸ್ತೆ, ಬಸ್ಸು ನಂಬುವ ಹಾಗಿಲ್ಲ. ವಾರಕ್ಕೊಂದು ಸೆಷನ್ ಅಂತ ಪುಸ್ತಕ ಹೇಳುತ್ತದೆ. ಇಲ್ಲಿ ಹದಿನೈದು ದಿನಕ್ಕೋ ತಿಂಗಳಿಗೋ ಒಂದು, ನಡುವೆ ಮನೆಯಲ್ಲಿ ಮಾಡಲು ಏನಾದರೂ ಒಂದು ಕೆಲಸ. ಅಡಿಕೆ ಸುಲಿಯುವಾಗ ಮನೆಯವರೆಲ್ಲ ರಾತ್ರಿ ಒಟ್ಟಿಗೆ ಕೂರುತ್ತಾರಲ್ಲ, ಆಗ ಇಂಥ ವಿಷಯ ಮಾತಾಡಿ ಬನ್ನಿ ಅಂತ ಕಳಿಸುತ್ತೇನೆ. ಮಾತಾಡಿ ಬರುತ್ತಾರೆ.

ಸಾಗರ ತೋಟದವರು:
ಮೇಡಂ, ಮೊದಲು ಕೇಳಿದ್ದು ಸುಮ್ನೆ ವಾದಕ್ಕೆ ಅಲ್ಲ. ನಮ್ಮ ಅಣ್ಣನ ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ವರ್ಷ ದಾಟಿತು. ರೂಮು ಬಿಟ್ಟು ಬರುವುದಿಲ್ಲ. ಅಣ್ಣ ಸೋಮಾರಿ ಅಂತಾನೆ, ಅತ್ತಿಗೆ ದೃಷ್ಟಿ ಆಗಿದೆ ಅಂತಾರೆ. ಇಬ್ಬರಿಗೂ ದಿನಾ ಜಗಳ. ಹುಡುಗನಿಗೆ ಏನು ಹೇಳಿ ಕರೆದುಕೊಂಡು ಬರಲಿ?

ತುಂಗಾ ದಡ:
ಸುಳ್ಳು ಹೇಳಿ ಕರೆದುಕೊಂಡು ಬರಬೇಡಿ ಅಣ್ಣ. ಪೇಟೆಗೆ ಹೋಗೋಣ ಅಂತ ಕಾರು ಹತ್ತಿಸಿ ಆಸ್ಪತ್ರೆ ಮುಂದೆ ಇಳಿಸಿದರೆ ಮತ್ತೆ ಯಾರನ್ನೂ ನಂಬುವುದಿಲ್ಲ. "ನಿನ್ನನ್ನು ತೋರಿಸಬೇಕು" ಅನ್ನುವುದೂ ಬೇಡ. "ನಿನ್ನ ಬಗ್ಗೆ ನಾವೆಲ್ಲ ಜಗಳ ಆಡುತ್ತಿದ್ದೇವೆ, ನಮಗೆ ದಾರಿ ತಿಳಿಯುತ್ತಿಲ್ಲ, ನಾವು ಹೋಗಿ ಕೇಳಿಕೊಂಡು ಬರುತ್ತೇವೆ, ನೀನೂ ಬಂದರೆ ಒಳ್ಳೆಯದು" ಅನ್ನಿ. ಬರದಿದ್ದರೆ ಅಣ್ಣ, ಅತ್ತಿಗೆ, ನೀವು ಮೂವರೇ ಬನ್ನಿ. ಅಲ್ಲಿಂದಲೇ ಶುರು ಮಾಡಬಹುದು.

ಇಷ್ಟು ದಿನ ಒಳಗೇ ಇದ್ದಾನೆ ಅಂದರೆ ಮನೋವೈದ್ಯರೂ ನೋಡಬೇಕು, ಮಾತ್ರೆ ಬೇಕಾಗಬಹುದು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಸಾಗರದಲ್ಲಿ ವಿಚಾರಿಸಿಕೊಂಡು ಹೋಗಿ. ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಊಟ, ನಿದ್ದೆ, ಸ್ನಾನ ಹೇಗಿದೆ, ಒಬ್ಬನೇ ಮಾತಾಡುತ್ತಾನಾ, ಯಾವಾಗಿನಿಂದ ಶುರು, ಮೊದಲು ಏನಾದರೂ ಮಾತ್ರೆ ತೆಗೆದುಕೊಂಡಿದ್ದನಾ. ಮನೆಯಲ್ಲಿ ತೋಟಕ್ಕೆ ಹೊಡೆಯಲು ತಂದ ವಿಷದ ಔಷಧಿ ಇದ್ದರೆ ಇವತ್ತೇ ಬೀಗ ಹಾಕಿಡಿ. ಬದುಕಿರಬಾರದು ಅನ್ನುವ ಮಾತು ಆಡಿದರೆ ಮಂಗಳವಾರಕ್ಕೆ ಕಾಯಬೇಡಿ, ಒಬ್ಬನನ್ನೇ ಬಿಡಬೇಡಿ, ಕೂಡಲೇ ಮೆಗ್ಗಾನ್‌ಗೆ ಕರೆತನ್ನಿ. ರಾತ್ರಿ ಹೊತ್ತಾದರೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಸಾಗರ ತೋಟದವರು:
ಔಷಧಿ ಶೆಡ್‌ನಲ್ಲಿದೆ. ಈಗಲೇ ಬೀಗ ಹಾಕಿಸುತ್ತೇನೆ. ಅತ್ತಿಗೆಗೆ ಈ ಚರ್ಚೆ ಪೂರ್ತಿ ಓದಿ ಹೇಳುತ್ತೇನೆ, ಮಂಗಳವಾರ ಹೊರಡುತ್ತೇವೆ.